ಮೊದಲ ಕಂಬ ನೆಟ್ಟದ್ದು ಆರಂಭವೋ, ಅಲ್ಲವೋ?

ಪುರಸಭೆಯ ಭೂಮಿ ಮತ್ತು ಕಟ್ಟಡ ಖಾತೆಯ ಮಾನ್ಯ ಸದಸ್ಯರೇ,

ನಮ್ಮ ಚರ್ಚಿನ ಕಟ್ಟಡ ಕೆಲಸ ಆರಂಭವಾಯಿತೆಂದು ಒಂದೂವರೆ ವರ್ಷದ ಹಿಂದೆ ಘೋಷಿಸಿದವರು ನೀವು. ಅದು ಆರಂಭವೇ ಆಗಿಲ್ಲ, ಆದ್ದರಿಂದ ನಿವೇಶನವನ್ನು ಪುರಸಭೆ ವಾಪಸು ಪಡೆದು ಕಾರು ನಿಲುಗಡೆಗೆ ಬಳಸುತ್ತದೆ ಎಂದು ಕಳೆದ ವಾರ ತಿಳಿಸಿದವರೂ ನೀವೇ. ಇವೆರಡರಲ್ಲಿ ಯಾವುದು ನಿಜ? ನಿಮ್ಮ ಕಚೇರಿಯಲ್ಲಿ ಕೇಳಿ ಉತ್ತರ ಸಿಗದ ಕಾರಣ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಆ ದಿನ ನಿಮಗೆ ಮರೆತಿರಬಹುದು. ಚುನಾವಣೆ ಹತ್ತಿರವಿತ್ತು, ಗುಂಡಿ ಒತ್ತುವ ಸಮಾರಂಭಗಳು ಬಹಳ ಇದ್ದವು. ನೆನಪಿಸುತ್ತೇನೆ. ನಮ್ಮ ಹಳೆಯ ಚರ್ಚು ಜೌಗು ನೆಲದಲ್ಲಿ ವಾಲಿ, ಗೋಡೆ ಸೀಳಿ, ಕೆಡವಬೇಕಾಗಿ ಬಂತು. ಅಂದಿನಿಂದ ನಾವು ಶಾಲೆಯ ವ್ಯಾಯಾಮ ಕೊಠಡಿಯಲ್ಲಿ ಪ್ರಾರ್ಥಿಸುತ್ತಿದ್ದೇವೆ. ಹೊಸದಕ್ಕೆಂದು ಪುರಸಭೆ ಕಾಲುವೆಯ ದಂಡೆಯಲ್ಲಿ ಜಾಗ ಮಾರಿತು, ಎರಡು ವರ್ಷದೊಳಗೆ ಕೆಲಸ ಆರಂಭವಾಗಬೇಕು ಎಂಬ ಷರತ್ತಿನೊಂದಿಗೆ. ಆ ಗಡುವು ಈಗ ಮುಗಿದಿದೆ. ಹಾಲೆಂಡಿನ ಈ ತಗ್ಗಿನಲ್ಲಿ ಅಡಿಗಲ್ಲು ಇಟ್ಟರೆ ಅದೂ ಮುಳುಗುತ್ತದೆ. ಹಾಗಾಗಿ ಇಲ್ಲಿ ಕಟ್ಟಡದ ಶುರು ಎಂದರೆ ಮೊದಲ ಕಂಬವನ್ನು ಯಂತ್ರದಿಂದ ನೆಲದೊಳಕ್ಕೆ ಬಡಿದಿಳಿಸುವುದು. ನಮ್ಮ ಚರ್ಚಿನ ಸಭೆಯವರೆಲ್ಲ ಕಾಂಕ್ರೀಟು ಕಂಬದ ಮೇಲೆ ಬಣ್ಣದಲ್ಲಿ ಹೆಸರು ಬರೆದರು. ತುತ್ತೂರಿಯ ತಂಡ ಕೀರ್ತನೆ ನುಡಿಸಿತು. ನೀವು ಬಿಳಿ ಶಿರಸ್ತ್ರಾಣ ಧರಿಸಿ ಕೆಂಪು ಗುಂಡಿ ಒತ್ತಿದಿರಿ. ಯಂತ್ರದ ಸುತ್ತಿಗೆಯ ಮೊದಲ ಏಟಿಗೇ ಅರ್ಧ ಕಂಬ ಒಳಗೆ ಹೋಯಿತು. ನಮ್ಮ ಮಣ್ಣು ಯಾರನ್ನೂ ತಡೆಯುವುದಿಲ್ಲ, ತಡೆಯುವುದಕ್ಕೆ ನಿಮ್ಮ ಇಲಾಖೆ ಇದೆ. "ಇಂದಿನಿಂದ ನಿಮ್ಮ ಚರ್ಚಿನ ಕೆಲಸ ಆರಂಭವಾಗಿದೆ" ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಹಿಲ್ಲೆಗೊಂಡಾ ನಿಮಗೆ ಕಾಫಿಯ ಜೊತೆ ಬೆಣ್ಣೆ ಕೇಕಿನ ಎರಡನೇ ತುಂಡನ್ನೂ ಕೊಟ್ಟಳು. ಅತಿಥಿಗೆ ಒಂದೇ ತುಂಡು ಕೊಡುವ ನಮ್ಮ ಊರಿನಲ್ಲಿ ಅದು ಸಣ್ಣ ಮಾತಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಆ ಮರ್ಯಾದೆ ಸಿಕ್ಕಿಲ್ಲ.

ಮರುವಾರ ನಿಮ್ಮ ಇಲಾಖೆಯೇ ಕೆಲಸ ನಿಲ್ಲಿಸಿತು. ಯಂತ್ರದ ಹೊಗೆಯಿಂದ ಪಕ್ಕದ ಜೌಗು ವನಕ್ಕೆ ಹಾನಿಯಿಲ್ಲ ಎಂಬ ಪರವಾನಗಿಯನ್ನು ನಿಮ್ಮ ಕಚೇರಿ ಪಡೆಯಬೇಕಿತ್ತಂತೆ, ಪಡೆದಿರಲಿಲ್ಲವಂತೆ. ಜೌಗು ವನವನ್ನು ಕಾಪಾಡಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನೀವು ಗುಂಡಿ ಒತ್ತಿದ ದಿನವೂ ಆ ವನ ಅಲ್ಲೇ ಇತ್ತು ಎಂಬುದಷ್ಟೇ ನನ್ನ ಮಾತು. "ಕಾಯಿರಿ" ಎಂದಿರಿ, ಕಾದೆವು. ನೀವು ಹೇಳಿದ್ದಕ್ಕೆ ಕಾದೆವು ಎಂಬುದೇ ಈಗ ನಮ್ಮ ಮೇಲಿನ ಆರೋಪ. ಕೈ ಹಿಡಿದು ನಿಲ್ಲಿಸಿದವರೇ ಯಾಕೆ ನಡೆಯಲಿಲ್ಲ ಎಂದು ದಂಡ ಹಾಕುವುದಕ್ಕೆ ಆಡಳಿತ ಎಂದು ಹೆಸರೇ?

ಮೊನ್ನೆ ನಮ್ಮ ಸಭೆಯ ಹಿರಿಯ ಬಾಸ್ಟಿಯಾನ್ ಮತ್ತು ನಾನು ನಿಮ್ಮ ಕಚೇರಿಗೆ ಬಂದೆವು. ಕೌಂಟರಿನ ಯುವತಿ ಮರ್ಯಾದೆಯಿಂದಲೇ ಮಾತಾಡಿದಳು.

"ಒಂದು ಕಂಬ ಅಂದ್ರೆ ಕಟ್ಟಡ ಆರಂಭ ಅಲ್ಲ ಸರ್."

"ಹಾಗಾದ್ರೆ ಎಷ್ಟು ಕಂಬ ಆದ್ರೆ ಆರಂಭ, ತಾಯಿ?" ಎಂದು ಬಾಸ್ಟಿಯಾನ್ ಕೇಳಿದ.

"ಅದು ನಮ್ಮ ವಿಭಾಗ ಹೇಳಕ್ಕಾಗಲ್ಲ."

"ಎರಡು ಸಾಕಾ? ಸಾಕು ಅಂದ್ರೆ ಇವತ್ತು ಸಂಜೆ ನಾನೇ ಸುತ್ತಿಗೆ ತಗೊಂಡು ಹೋಗ್ತೀನಿ."

"ಪರವಾನಗಿ ಇಲ್ದೆ ನೀವು ಏನೂ ಬಡಿಯೋ ಹಾಗಿಲ್ಲ ಸರ್."

"ನಿಮ್ಮ ಸಾಹೇಬರು ಬಡಿದ್ರಲ್ಲ?"

ಯುವತಿ ಮುಂದಿನ ಸಂಖ್ಯೆ ಕರೆದಳು.

ಮಾನ್ಯರೇ, ಜಾಗ ಹೋದರೆ ನಮಗೆ ಊರಿನಲ್ಲಿ ಬೇರೆ ಜಾಗವಿಲ್ಲ. ಬರುವ ಬೇಸಿಗೆಯಿಂದ ಶಾಲೆಗೂ ತನ್ನ ಕೊಠಡಿ ಬೇಕು. ಆಮೇಲೆ ಪಕ್ಕದ ಪಟ್ಟಣದ ಚರ್ಚಿಗೆ ಸೇರಿಕೊಳ್ಳಿ ಎನ್ನುತ್ತೀರಿ. ಭಾನುವಾರ ಅಲ್ಲಿಗೆ ಬಸ್ಸಿಲ್ಲ. ಕಾರಿರುವವರು ಹೋಗುತ್ತಾರೆ. ನನ್ನ ಅತ್ತೆ ಹೋಗಲಾರರು. ತೊಂಬತ್ತು ದಾಟಿದ ಅವರ ಮನೆ ನಿವೇಶನದ ಎದುರಿಗೇ ಇದೆ. ನಡಿಗೆಗೆ ಆಸರೆಯಾದ ಗಾಲಿಗಾಡಿ ತಳ್ಳಿಕೊಂಡು ರಸ್ತೆ ದಾಟುವಷ್ಟು ಶಕ್ತಿ ಅವರಿಗೆ ಉಳಿದಿದೆ, ಅದಕ್ಕಿಂತ ಹೆಚ್ಚಿಲ್ಲ. ವ್ಯಾಯಾಮ ಕೊಠಡಿಗೂ ಅವರಿಗೆ ಬರಲಾಗುತ್ತಿಲ್ಲ. ಸಮಾರಂಭದ ದಿನ ಕಂಬ ಇಳಿಯುವುದನ್ನು ನೋಡಿ ಅವರು, "ನೋಡಪ್ಪಾ, ನನಗಿಂತ ಮೊದಲು ನನ್ನ ಹೆಸರೇ ಮಣ್ಣಿಗೆ ಹೋಯ್ತು" ಎಂದು ನಕ್ಕಿದ್ದರು. ಈಗ ಭಾನುವಾರ ಬಂದರೆ ಕಿಟಕಿಯ ಬಳಿ ಕುಳಿತು, "ಇನ್ನೂ ಒಂದೇನಾ?" ಎಂದು ಕೇಳುತ್ತಾರೆ. ಒಂದೇ. ನೆಲದಿಂದ ಮೊಳದಷ್ಟು ಮೇಲೆ ನಿಂತ ಆ ತುದಿಯ ಮೇಲೆ ಒಂದು ಬಕಪಕ್ಷಿ ಕೂರುತ್ತದೆ. ಎರಡು ವರ್ಷದೊಳಗೆ ಈ ನಿವೇಶನವನ್ನು ಕ್ರಮಬದ್ಧವಾಗಿ ಬಳಸಿದ ಏಕೈಕ ಜೀವಿ ಅದು.

ನಮ್ಮ ಬೇಡಿಕೆ ಇಷ್ಟೆ. ಬರುವ ತಿಂಗಳು ಪುರಸಭೆಯ ಸಭೆಗೆ ಮುಂಚೆ ಒಂದನ್ನು ಆರಿಸಿಕೊಳ್ಳಿ. ಆ ದಿನ ಕೆಲಸ ಆರಂಭವಾಯಿತು ಎನ್ನುವುದಾದರೆ ಜಾಗ ನಮ್ಮದು. ನಿಮ್ಮ ಆದೇಶ ಹಿಂಪಡೆಯಿರಿ, ಬಾಕಿ ಉಳಿದ ಪರವಾನಗಿಯನ್ನು ನೀವೇ ತಂದುಕೊಡಿ. ಆರಂಭವಾಗಲಿಲ್ಲ ಎನ್ನುವುದಾದರೆ, ಅಂದು ಫೋಟೊಗಾಗಿ ಗುಂಡಿ ಒತ್ತಿದೆ ಎಂದು ಒಪ್ಪಿಕೊಂಡು, ಅದನ್ನು ನನ್ನ ಅತ್ತೆಗೆ ನೀವೇ ಬಂದು ಹೇಳಿ. ಬೆಳಿಗ್ಗೆ ಹತ್ತರ ನಂತರ ಮನೆಯಲ್ಲೇ ಇರುತ್ತಾರೆ. ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳಬೇಕಾಗುತ್ತದೆ, ಬೀದಿಯವರಿಗೆಲ್ಲ ಕೇಳಿಸುವಷ್ಟು.

ಇಂತಿ,
ಕಳೆದ ಸಲ ನಿಮ್ಮ ಪಕ್ಷಕ್ಕೇ ಮತ ಹಾಕಿದ,
ವೆಸೆಲ್ ಕ್ರೇಲಿಂಗ್
(ಸದ್ಯದ ಆಸನ: ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಎಡಗಡೆ)