ಎರಡಕ್ಕಿಂತ ಕಡಿಮೆ ಬಂದ ಅಣ್ಣನ ರಿಪೋರ್ಟು

ಸ್ಕ್ಯಾನ್ ಮಂಜೂರು ಮಾಡುವ ಅಧಿಕಾರವುಳ್ಳ ಮಾನ್ಯರೇ,

ರಕ್ತದಲ್ಲಿ ಕ್ಯಾನ್ಸರಿನ ಗುರುತು ಕಾಣದಿದ್ದರೆ ಹೊಟ್ಟೆಯ ಸ್ಕ್ಯಾನ್ ಅಗತ್ಯವಿಲ್ಲ ಎಂಬ ನಿಮ್ಮ ನಿಯಮದಿಂದಾಗಿ ನನ್ನ ಅಣ್ಣನ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಐದು ತಿಂಗಳು ಯಾರ ಕಣ್ಣಿಗೂ ಬೀಳದೆ ಬೆಳೆಯಿತು. ಈಗ ಆಪರೇಷನ್ ಸಾಧ್ಯವಿಲ್ಲ ಎಂದಿದ್ದಾರೆ. ಮುಂದಕ್ಕೆ ಓದುವ ವ್ಯವಧಾನ ತಮಗಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಕಡತಕ್ಕೆ ಇಷ್ಟು ಸಾಕು.

ನಾನು ಹೊರಗಿನವಳಲ್ಲ. ನಿಮ್ಮದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ರೋಗಿಗಳ ರಕ್ತ ತೆಗೆಯುವವಳು. ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಬೆನ್ನು ನೋಯುತ್ತದೆ ಎಂದಾಗ ಮನೆಮಂದಿಯೆಲ್ಲ ನಕ್ಕೆವು. ಬೆನ್ನು ನೋಯದ ಲಿಫ್ಟ್ ಮೆಕ್ಯಾನಿಕ್ ಎಲ್ಲಿದ್ದಾನೆ? ಆಮೇಲೆ ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಮೊಳೆಯಿಂದ ತಾನೇ ಎರಡು ತೂತು ಹೊಡೆದುಕೊಂಡ. ಐವತ್ತೆರಡರಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು. ನಮ್ಮ ಡಾಕ್ಟರಮ್ಮ ಅನುಮಾನಪಟ್ಟು ಸ್ಕ್ಯಾನ್ ಬರೆದರು. ನಿಮ್ಮ ಕಚೇರಿಯಿಂದ ಚೀಟಿ ವಾಪಸ್ ಬಂತು: ಮೊದಲು ಕ್ಯಾನ್ಸರಿನ ಗುರುತು ಹುಡುಕುವ ರಕ್ತದ ಮಾರ್ಕರ್ ಪರೀಕ್ಷೆ, ಅಂಕಿ ಮೂವತ್ತೇಳು ದಾಟಿದರೆ ಮಾತ್ರ ಸ್ಕ್ಯಾನ್.

ಅವನ ರಕ್ತ ತೆಗೆದವಳು ನಾನೇ. ರಿಪೋರ್ಟು ಎರಡಕ್ಕಿಂತ ಕಡಿಮೆ ಎಂದು ಬಂತು. ಇಂಥ ಪರೀಕ್ಷೆಯಲ್ಲಿ ಅಂಕಿ ಇಳಿದಷ್ಟೂ ಖುಷಿಪಡುವುದು ನಮ್ಮ ಕೊಠಡಿಯ ರೂಢಿ. ಕೂಡಲೇ ಫೋನು ಮಾಡಿದೆ. "ಅಣ್ಣಾ, ಇಷ್ಟು ಕಡಿಮೆ ಯಾರಿಗೂ ಬಂದಿಲ್ಲ ಕಣೋ. ಸುಮ್ನೆ ಹೆದರಿಸಿಬಿಟ್ಟೆ ನಮ್ಮನ್ನ."

"ಸ್ಕೂಲಲ್ಲೂ ನಂಗೆ ಕಡಿಮೇನೇ ಬರ್ತಿತ್ತು, ಆಗ ಯಾರೂ ಹೊಗಳ್ಲಿಲ್ಲ ನೋಡು" ಎಂದ. ಪಕ್ಕದಲ್ಲಿದ್ದ ಅತ್ತಿಗೆ ನೆಮ್ಮದಿಯಿಂದ ಅತ್ತದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಡಾಕ್ಟರಮ್ಮ ಮತ್ತೆರಡು ಸಲ ಸ್ಕ್ಯಾನ್ ಬರೆದರು. ತಾವು ಮತ್ತೆರಡು ಸಲ ತಿರಸ್ಕರಿಸಿದಿರಿ, ಅದೇ ರಿಪೋರ್ಟಿನ ಪ್ರತಿಯನ್ನು ಶ್ರದ್ಧೆಯಿಂದ ಲಗತ್ತಿಸಿ. ಐದನೇ ತಿಂಗಳಲ್ಲಿ ಅಣ್ಣನ ಕಣ್ಣು ಹಳದಿಯಾದಾಗ ತಮ್ಮ ಮನಸ್ಸು ಕರಗಿ ಅನುಮತಿ ಸಿಕ್ಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಕೆಲವರ ದೇಹ ಹುಟ್ಟಿನಿಂದಲೇ ಆ ಗುರುತನ್ನು ತಯಾರಿಸುವುದಿಲ್ಲ. ನೂರಕ್ಕೆ ಐದರಿಂದ ಹತ್ತು ಜನ ಹಾಗಿರುತ್ತಾರೆ. ಗಡ್ಡೆ ಎಷ್ಟೇ ಬೆಳೆದರೂ ಅವರ ರಕ್ತ ಬಾಯಿ ಬಿಡುವುದಿಲ್ಲ. ಅಂಕಿ ಅಷ್ಟು ಕಡಿಮೆ ಬಂದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ನಾನು ಅದನ್ನೇ ಹಿಡಿದು ಕುಣಿದಿದ್ದೆ.

"ಎರಡು ಸಲಾನೂ ಇದನ್ನೇ ಬರೆದು ಕಳಿಸಿದ್ದೆ ಕಣಮ್ಮ" ಎಂದರು ಡಾಕ್ಟರಮ್ಮ. "ಅವರ ಫಾರಂನಲ್ಲಿ ಹೌದು, ಇಲ್ಲ ಅಂತ ಎರಡೇ ಚೌಕ ಇದೆ. ಅಂಚಲ್ಲಿ ಬರೆದಿದ್ದನ್ನ ಯಾರು ಓದ್ತಾರೆ?"

ಪರೀಕ್ಷೆಯನ್ನು ನಾನು ದೂರುವುದಿಲ್ಲ. ಪತ್ತೆಯಾದ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಅದು ಬೇಕು. ಅದನ್ನು ತಂದು ಸ್ಕ್ಯಾನ್ ಕೊಠಡಿಯ ಬಾಗಿಲು ಕಾಯಲು ನಿಲ್ಲಿಸಿದವರು ಯಾರು? ಪಠ್ಯಪುಸ್ತಕದಲ್ಲಿರುವ ಮಾತು ನಿಯಮ ಬರೆದವರಿಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೂ, ನೂರಕ್ಕೆ ಹತ್ತು ಜನ ತಾನೇ, ಹೋದರೆ ಹೋಗಲಿ ಎನಿಸಿತೇ?

ಅಣ್ಣ ನನ್ನನ್ನು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. "ನೀನೇನ್ ಮಾಡ್ತೀಯ, ಕಾಗದದಲ್ಲಿ ಇದ್ದಿದ್ದನ್ನ ಓದಿದೆ" ಎನ್ನುತ್ತಾನೆ. ಆ ಮಾತು ತಡೆಯಲಾಗದೆ ವಾರ್ಡಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಳುತ್ತೇನೆ.

ಇವತ್ತು ಬೆಳಿಗ್ಗೆ ಇನ್ನೊಂದು ಪರೀಕ್ಷೆಗೆ ರಕ್ತ ಕೊಡಲು ನನ್ನ ಕುರ್ಚಿಗೆ ಒಬ್ಬ ಶಿಕ್ಷಕಿ ಬಂದರು. ನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದಾರೆ. ಕೈಯಲ್ಲಿದ್ದ ರಿಪೋರ್ಟಿನಲ್ಲಿ ಅಣ್ಣನದೇ ಅಂಕಿ, ಕೆಳಗೆ ಸ್ಕ್ಯಾನ್ ಅಗತ್ಯವಿಲ್ಲ ಎಂಬ ತಮ್ಮ ಮೊಹರು. "ಏನೂ ಇಲ್ಲ ಅಂತ ತಾನೇ ಇದರರ್ಥ? ಮಕ್ಕಳಿಗೆ ಫೋನ್ ಮಾಡಿ ಹೇಳ್ಲಾ?" ಎಂದು ಕೇಳಿದರು. ಡಾಕ್ಟರಮ್ಮನ ಬಳಿಗೆ ವಾಪಸ್ ಕಳಿಸಿದೆ. ಅವರು ಬರೆದ ಚೀಟಿ ನಾಳೆ ತಮ್ಮ ಮೇಜಿಗೆ ಬರುತ್ತದೆ.

ನಿಯಮ ಬದಲಿಸಲು ಸಮಿತಿ ಬೇಕು ಎನ್ನುತ್ತೀರಿ, ಸಮಿತಿ ಕೂರಲಿ. ಅಲ್ಲಿಯವರೆಗೆ ಆ ಒಂದು ಚೀಟಿಗೆ ಸಹಿ ಹಾಕಿ. ಹಾಕುವುದಿಲ್ಲವಾದರೆ ದಯವಿಟ್ಟು ಮೂರು ಮಹಡಿ ಇಳಿದು ಬನ್ನಿ. ಆ ತಾಯಿಯ ಎದುರು ಕೂತು, ಏನೂ ಇಲ್ಲ ಎಂದು ತಾವೇ ಹೇಳಿ. ನಾನು ಇನ್ನು ಹೇಳಲಾರೆ.

ಇಂತಿ,
ತಮ್ಮ ನಿಯಮವನ್ನು ನಂಬಿ ಒಡಹುಟ್ಟಿದವನಿಗೆ ಏನೂ ಇಲ್ಲ ಎಂದವಳು
ರಕ್ತ ತೆಗೆಯುವ ಕೊಠಡಿ, ಎರಡನೇ ಕುರ್ಚಿ