ಲೇಬಲ್ಲಿನ ಚುಕ್ಕೆ

ಗುರುವಾರ ಮಧ್ಯಾಹ್ನ,
ಲ್ಯಾಬಿನ ಹಿಂದಿನ ಮೆಟ್ಟಿಲು

ಪ್ರೀತಿಯ ಅಕ್ಕಾ,

ಹೊಕ್ಕುಳಬಳ್ಳಿಯ ಡಬ್ಬಿಗಳ ಮೇಲೆ ನಾನು ಸುಳ್ಳು ಸಮಯ ಬರೆಯುತ್ತಿದ್ದೆ. ಕ್ಷೇಮ ಸಮಾಚಾರದಿಂದ ಶುರುಮಾಡಿದರೆ ಎರಡು ವರ್ಷ ನುಂಗಿಕೊಂಡಿದ್ದನ್ನು ಮತ್ತೆ ನುಂಗಿಬಿಡುತ್ತೇನೆಂದು ಇದನ್ನೇ ಮೊದಲು ಬರೆದೆ. ಈಗ ಹೇಳು, ಹೇಗಿದ್ದೀಯ? ತಲೆನೋವು ಇಳಿಯಿತೇ? ಮನೆಗೆ ಹೋದಮೇಲೆ ನೀನು ಸರಿಯಾಗಿ ಉಣ್ಣುತ್ತಿಲ್ಲ, ನನ್ನ ಫೋನ್ ಬಂದರೆ ಎದ್ದು ಹೋಗುತ್ತೀ ಎಂದು ಅಮ್ಮ ಹೇಳಿದಳು.

ಹೆರಿಗೆ ಆಸ್ಪತ್ರೆಯಿಂದ ಬಳ್ಳಿ ತರುವುದಷ್ಟೇ ನನ್ನ ಕೆಲಸವಾಗಿತ್ತು. ಮಗು ಹುಟ್ಟಿ ಆರು ಗಂಟೆ ದಾಟಿದ್ದರೆ ಕೋಶಗಳು ಸಾಯತೊಡಗುತ್ತವೆ, ತರಲೇಬೇಡ ಎಂದಿದ್ದೆ ನೀನು. ನೀನು ಅದರ ರಕ್ತನಾಳದ ಒಳಗೋಡೆಯಿಂದ ಜೀವಕೋಶ ಬಿಡಿಸಿ, ತಟ್ಟೆಯಲ್ಲಿ ಬೆಳೆಸಿ, ವೈರಸ್ಸಿನ ಮೂಲಕ ಜೀನ್ ಸೇರಿಸುತ್ತಿದ್ದೆ. ವೈರಸ್ ಎಂದೊಡನೆ ನಾನು ಹಿಂದೆ ಸರಿದಾಗ, “ಹೆದರ್ಬೇಡ ಕಣೋ, ಕಚ್ಚೋ ಹಲ್ಲು ಕಿತ್ತಾಗಿದೆ, ಹೊರೆ ಹೊರೋ ಬೆನ್ನು ಮಾತ್ರ ಉಳಿಸಿದೀವಿ” ಎಂದು ನೀನು ನಕ್ಕಿದ್ದೆ. ಜೀನ್ ಸೇರಿದರೆ ಕೋಶ ಹಸಿರಾಗಿ ಹೊಳೆಯಬೇಕು. ಅದು ಕೈಹಿಡಿದರೆ, ಮುಂದೆ ಕಟ್ಟಿಕೊಂಡ ರಕ್ತನಾಳಗಳಿಗೆ ಔಷಧದಂಥ ಜೀನ್ ಕಳಿಸಬಹುದಿತ್ತು. ಆದರೆ ನಲವತ್ತೊಂದು ಬಳ್ಳಿಗಳಲ್ಲಿ ಹತ್ತೊಂಬತ್ತು ಮಂಕಾಗಿಯೇ ಉಳಿದವು. ನಿನ್ನ ವೈರಸ್ಸನ್ನು ನಂಬುವಂತಿಲ್ಲ ಎಂದು ಲ್ಯಾಬಿನ ದೊಡ್ಡ ಮೇಡಂ ಷರಾ ಬರೆದರು. ನೀನೂ ಅದನ್ನೇ ನಂಬಿ ಗಂಟುಮೂಟೆ ಕಟ್ಟಿದೆ.

ದಾರಿಯಲ್ಲಿ ಕೇರಂ ಕ್ಲಬ್ ಇದೆ ಅಕ್ಕಾ. ಡಬ್ಬಿಯನ್ನು ಬೆಂಚಿನ ಕೆಳಗಿಟ್ಟು ಒಂದೇ ಆಟ ಎಂದು ಕೂರುತ್ತಿದ್ದೆ. ಎಂದಾದರೂ ಒಂದೇ ಆಟಕ್ಕೆ ಎದ್ದಿದ್ದೇನೆಯೇ? ಏಳುವಷ್ಟರಲ್ಲಿ ಆರು ಗಂಟೆ ದಾಟಿರುತ್ತಿತ್ತು. ಬರಿಗೈಲಿ ಬಂದರೆ, “ನನ್ನ ತಮ್ಮ, ನಂಬಬಹುದು” ಎಂದು ನೀನು ಮೇಡಂಗೆ ಕೊಟ್ಟ ಮಾತು ಹೋಗುತ್ತದೆಂದು ಹುಟ್ಟಿದ ಸಮಯವನ್ನೇ ಮುಂದಕ್ಕೆ ತಳ್ಳಿ ಬರೆದೆ. ಹಾಗೆ ಬರೆದಾಗಲೆಲ್ಲ ಮನಸ್ಸು ತಡೆಯದೆ ಅದರ ಕೆಳಗೊಂದು ಚುಕ್ಕೆ ಇಟ್ಟೆ. “ನಿನ್ ಪೆನ್ನು ಸೋರತ್ತೇನೋ?” ಎಂದು ನೀನು ರೇಗಿಸಿದ್ದು ಅದನ್ನೇ.

ನಿನ್ನೆ ಮೇಡಂಗೆ ಎಲ್ಲ ಹೇಳಿದೆ. “ಒಂಬತ್ತನೇ ಕ್ಲಾಸ್ ದಾಟದೋನು ನನಗೆ ಪಾಠ ಹೇಳ್ತೀಯಾ? ಅಕ್ಕನ್ನ ಉಳಿಸೋಕೆ ಕಥೆ ಕಟ್ಬೇಡ, ನಡಿ” ಎಂದರು. ಸುಳ್ಳು ಬರೆದಾಗ ಎರಡು ವರ್ಷ ಒಬ್ಬರೂ ಪ್ರಶ್ನಿಸಲಿಲ್ಲ. ನಿಜ ಹೇಳಿದರೆ ಎರಡು ನಿಮಿಷ ಕೇಳುವವರಿಲ್ಲ. ಮಾಡಿದ ತಪ್ಪಿಗೆ ಬೈಸಿಕೊಳ್ಳಲೆಂದೇ ಹೋದವನಿಗೆ ಆ ಬೈಗುಳವೂ ದಕ್ಕಲಿಲ್ಲ, ಕೆಲಸ ಮಾತ್ರ ಹೋಯಿತು. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿದೆ.

ಅಮ್ಮನಿಗೆ ನಮಸ್ಕಾರ. ನೀನು ಮೊದಲು ಊಟ ಮಾಡು, ಆಮೇಲೆ ನನ್ನನ್ನು ಬೈಯಲು ಶಕ್ತಿ ಬೇಕು.

ನಿನ್ನ ತಮ್ಮ,
ಬುಗುರಿ

ಮರೆತಿದ್ದೆ: ಹೊರಡುವ ಮುಂಚೆ ನಿನ್ನ ನೋಟ್‌ಬುಕ್ ತೆಗೆದು ನೋಡಿದೆ. ಡಬ್ಬಿಗಳ ಲೇಬಲ್ಲುಗಳನ್ನೆಲ್ಲ ಅದರಲ್ಲಿ ನೀನೇ ಅಂಟಿಸಿದ್ದೀಯಲ್ಲ. ಹೊಳೆದ ಇಪ್ಪತ್ತೆರಡರಲ್ಲಿ ಒಂದಕ್ಕೂ ಚುಕ್ಕೆಯಿಲ್ಲ. ಮಂಕಾದ ಹತ್ತೊಂಬತ್ತರಲ್ಲಿ ಹದಿನೇಳಕ್ಕಿದೆ; ಉಳಿದೆರಡನ್ನು ನನ್ನ ತಲೆಗೆ ಕಟ್ಟಬೇಡ. ಸೋಮವಾರ ಫ್ರೀಜರ್ ಖಾಲಿ ಮಾಡಿ ನಿನ್ನ ವೈರಸ್ ಟ್ಯೂಬುಗಳನ್ನು ಎಸೆಯುತ್ತಾರಂತೆ. ನನ್ನ ಮಾತು ನಡೆಯುವುದಿಲ್ಲ, ನೀನೇ ಬರಬೇಕು. ನಲವತ್ತೊಂದನ್ನೂ ಚುಕ್ಕೆ ಸಮೇತ ನಕಲು ಮಾಡಿಕೊಂಡಿದ್ದೇನೆ. ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಈ ಪತ್ರವನ್ನೂ ಕೈಯಲ್ಲೇ ತಂದುಕೊಡುತ್ತೇನೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.