ಏಳನೆಯ ಟ್ಯೂಬು

ಮಾರ್ಚ್ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೊಂಡೇ ಮುಂದೆ ಓದು. ಕೈ ಸೋತ ಅಪ್ಪನ ಅಂಗಿಗೆ ಗುಂಡಿ ಹಾಕುವ ಕೆಲಸವೂ ಈಗ ನಿನ್ನ ಪಾಲಿಗೇ ಬಂದಿದೆ ಎಂದು ಓದಿ ಬೇಸರವಾಯಿತು. ತಾತ, ದೊಡ್ಡಪ್ಪ, ಈಗ ಅಪ್ಪ. "ಇದು ನಮ್ಮನೆ ಗಂಡಸರ ಕಾಯಿಲೆ ಕಣ್ರೇ, ನಿಮಗೇನೂ ಆಗಲ್ಲ" ಎಂದು ಸೋದರತ್ತೆ ಹೇಳುತ್ತಿದ್ದರಲ್ಲ, ಇಷ್ಟು ಓದಿದ ನಾನೂ ಅದನ್ನು ನಂಬಿಕೊಂಡೇ ಇದ್ದೆ.

ನನ್ನ ಸುದ್ದಿ ಕೇಳು. ಲ್ಯಾಬಿನ ಇಲಿಗಳ ಸಹವಾಸ ಮುಗಿಯಿತು. ಈಗ ಆಸ್ಪತ್ರೆಯ ಮೂರನೇ ಮಹಡಿ, ಲಿಫ್ಟಿನ ಪಕ್ಕದ ಕೋಣೆ, ಮನುಷ್ಯರ ರಕ್ತದ ಜೊತೆ ಕೆಲಸ. ಕೈ ಸೋಲುವ ಮೊದಲೇ ಅಪ್ಪನಂಥವರ ಕಾಯಿಲೆಯನ್ನು ರಕ್ತದಲ್ಲಿ ಹಿಡಿಯಬೇಕು. ಹಿಡಿದರೆ ಹೊಸ ಔಷಧಿಯನ್ನು ಆಗಲೇ ಕೊಟ್ಟು ನೋಡಬಹುದು. ನಮ್ಮ ಪರೀಕ್ಷೆ ಸುಳ್ಳಾದರೆ ನಾನು ಮತ್ತೆ ಇಲಿಗಳ ಪಾಲು.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಹೊರಗಿನವರನ್ನು ಹುಡುಕುವ ರೂಢಿ ಇಲ್ಲಿಲ್ಲ. "ಮೂರು ಹೊತ್ತೂ ಉಂಡು ಗುಂಡುಕಲ್ಲಿನ ಹಾಗಿದ್ದೀರಲ್ಲ, ಚಾಚಿ ಕೈ" ಅಂತಾರೆ ನಮ್ಮ ಗೈಡ್. ನರ್ಸಮ್ಮ ನಮ್ಮ ರಕ್ತ ತೆಗೆದು, ಹೆಸರಿಲ್ಲದೆ ಬರೀ ನಂಬರ್ ಅಂಟಿಸಿ ಕೊಡುತ್ತಾರೆ; ಯಾರ ನಂಬರ್ ಯಾವುದೆಂಬ ಪಟ್ಟಿ ಅವರ ಬಳಿ ಇರುತ್ತದೆ.

ಎಲ್ಲ ಸರಿಹೋಯಿತು, ಏಳನೆಯ ಟ್ಯೂಬು ಮಾತ್ರ ಕೈಕೊಟ್ಟಿತು. ಅದು ಆರೋಗ್ಯವಂತರದ್ದು, ಪರೀಕ್ಷೆ ಮಾತ್ರ ರೋಗಿಯದ್ದೆಂದು ತೋರಿಸಿತು. "ಅದಲುಬದಲು ಮಾಡಿದೀಯಾ, ಕಣ್ಣು ಎಲ್ಲಿಟ್ಟಿದ್ದೆ?" ಎಂದು ಗೈಡ್ ರೇಗಿದರು. ಹೊಸದಾಗಿ ರಕ್ತ ತೆಗೆದು ನೋಡಿದೆವು. ಮತ್ತೆ ಅದೇ. ಕೊನೆಗೆ ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ಯಾರ ತಪ್ಪೂ ಇರಲಿಲ್ಲ. ರಕ್ತ ಕೊಟ್ಟವರಿಗೆ ಕಾಯಿಲೆ ಇದೆ, ಕೈಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ. ಅಂದರೆ ನಮ್ಮ ಪರೀಕ್ಷೆ ಗೆದ್ದಿತು. ನಿನ್ನೆ ಗೈಡ್ ಎದ್ದು ಬಂದು ನನ್ನ ಕೈ ಕುಲುಕಿದರು, ಯಾಕೋ ತುಂಬ ಹೊತ್ತು ಬಿಡಲಿಲ್ಲ.

ಅಪ್ಪನಿಗೆ ನಮಸ್ಕಾರ ತಿಳಿಸು, ಗೆದ್ದ ಸುದ್ದಿಯನ್ನೂ ಹೇಳು, ಖುಷಿಪಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕವಳು ಹರಸಬಾರದು ಅಂತೀಯ, ಆದರೂ ಹರಸುತ್ತೇನೆ: ನೂರು ಕಾಲ ಗಟ್ಟಿಯಾಗಿರು.

ನಿನ್ನ ಬಾಲಂಗೋಚಿ

ತಾ.ಕ.: ಏಳನೆಯ ಟ್ಯೂಬು ನನ್ನದು. ಅಪ್ಪನಿಗೆ ಇದನ್ನು ಹೇಳಬೇಡ. ಅಕ್ಷರ ಇನ್ನೂ ದುಂಡಗೇ ಇದೆ ನೋಡು, ಆದರೂ ಹೆದರಿಕೆಯಾಗುತ್ತಿದೆ ಅಕ್ಕಾ. ಬೇಗ ಬಂದು ನೀನೂ ಕೈ ಚಾಚು. ಆರೋಗ್ಯವಂತರ ಸಾಲಿನಲ್ಲಿ ನನ್ನ ಜಾಗ ಖಾಲಿಯಾಗಿದೆ. ಅದು ನಿನಗೆ ಸಿಗಲಿ.